ಸಿಪ್ಪೆ, ಇದ್ದಿಲು, ಕ್ರೋಮಿಯಂ

6 ಜನವರಿ 2024, ಶನಿವಾರ. ತೀರ್ಥಹಳ್ಳಿ

ಚಪ್ಪರದ ಕೆಳಗೆ ಸುಲಿಯುವ ಮಷೀನು ಬೆಳಗ್ಗಿಂದ ಓಡುತ್ತಲೇ ಇದೆ. ಅಡಕೆ ಒಂದು ಕಡೆ ಬೀಳುತ್ತದೆ, ಸಿಪ್ಪೆ ಇನ್ನೊಂದು ಕಡೆ. ಸಿಪ್ಪೆಯ ಗುಡ್ಡೆ ಎದೆಯೆತ್ತರ ಆಗಿದೆ. ಅದರಲ್ಲಿ ಒಣಗಿದ್ದನ್ನು ಆರಿಸಿ ಗೋಣಿಗೆ ತುಂಬಿ ಬಾಯಿ ಹೊಲಿಯುತ್ತಿದ್ದೆ. ಅಪ್ಪಯ್ಯ ಬಂದು ನಿಂತರು.

"ಊರವರೆಲ್ಲ ಕತ್ತಲಾದ ಮೇಲೆ ಹೇರಿಕೊಂಡು ಹೋಗಿ ರಸ್ತೆ ಬದಿಗೆ ಸುರಿದು ಬರ್ತಾರೆ. ನೀನು ಬಸ್ಸಿಗೆ ಲಗೇಜು ಚಾರ್ಜು ಕೊಟ್ಟು ಬೆಂಗಳೂರಿಗೆ ಹೊರ್ತೀಯಲ್ಲ, ಎಂತ ಕತೆ ಮಾರಾಯ್ತಿ?"

ನಕ್ಕೆ. ಅವರು ಹೇಳಿದ್ದು ಸುಳ್ಳಲ್ಲ. ಸಿಪ್ಪೆಯನ್ನು ದನ ಮೂಸುವುದಿಲ್ಲ, ಅದು ಬೇಗ ಕೊಳೆಯುವುದೂ ಇಲ್ಲ. ಸುರಿದಲ್ಲಿ ಕಿಡಿ ಬಿದ್ದರೆ ದಿನಗಟ್ಟಲೆ ಹೊಗೆಯಾಡುತ್ತದೆ. ಅದನ್ನೇ ಗಾಳಿ ಆಡದ ಹಾಗೆ ಮುಚ್ಚಿ ಸುಟ್ಟರೆ ಬಯೋಚಾರ್, ನಮ್ಮ ಮಾತಲ್ಲಿ ಇದ್ದಿಲು. ಆ ಇದ್ದಿಲಿಗೆ ಯಾವ ಸಂಸ್ಕಾರ ಕೊಟ್ಟರೆ ನೀರಿನಲ್ಲಿರುವ ಸೀಸವನ್ನೋ ಕ್ರೋಮಿಯಮ್ಮನ್ನೋ ಚೆನ್ನಾಗಿ ಹಿಡಿಯುತ್ತದೆ ಅನ್ನುವುದು ನನ್ನ ಥೀಸಿಸ್ಸು.

ಹೊರಡುವ ಮೊದಲು ಒಂದು ವಿಷಯ ಕೇಳಿ ಬರೆದಿಟ್ಟುಕೊಂಡೆ: ಈ ವರ್ಷ ಬೋರ್ಡೋ ಎಷ್ಟು ಸಲ ಹೊಡೆಸಿದಿರಿ? ಮಳೆ ಹಿಡಿಯುವ ಮೊದಲು ಒಂದು ಸಲವಂತೆ. ಮಳೆಯೇ ಸರಿಯಾಗಿ ಬರದ ವರ್ಷವಾದ್ದರಿಂದ ಎರಡನೆಯದು ತಡವಾಯಿತಂತೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಲೆಸ್ಲಿ ಕೋಲ್‌ಮನ್ ಮೈಸೂರು ಸಂಸ್ಥಾನದಲ್ಲಿ ಕೊಳೆರೋಗದ ಬೆನ್ನು ಹತ್ತಿ 1910ರಲ್ಲಿ ಬರೆದ ಕಾಲದಿಂದಲೂ ಮಲೆನಾಡಿನ ಗೊನೆಗಳಿಗೆ ಈ ನೀಲಿ ನೀರು ಬೀಳುತ್ತಾ ಬಂದಿದೆ. ಮೈಲುತುತ್ತ ಅಂದರೆ ತಾಮ್ರ. ಲೋಹ ತೆಗೆಯಲು ಒಯ್ಯುತ್ತಿರುವ ಸಿಪ್ಪೆಯ ಮೈಮೇಲೇ ಲೋಹ ಇದೆ. ಪೇಪರುಗಳಲ್ಲಿ ಸಿಪ್ಪೆಯ ಪೂರ್ವಾಪರ "ಸ್ಥಳೀಯವಾಗಿ ಸಂಗ್ರಹಿಸಲಾಯಿತು" ಅನ್ನುವಲ್ಲಿಗೆ ಮುಗಿದಿರುತ್ತದೆ.

9 ಜನವರಿ, ಮಂಗಳವಾರ. ಬೆಂಗಳೂರು

ಸಿಪ್ಪೆ ತೊಳೆದು, ಕತ್ತರಿಸಿ, ಓವನ್ನಿನಲ್ಲಿ ಒಣಗಿಸಿದ್ದಾಯಿತು. ಕ್ರೂಸಿಬಲ್ಲಿಗೆ ಒತ್ತಿ ತುಂಬಿ, ಮುಚ್ಚಳದ ಸಂದಿಗೆ ಮಣ್ಣು ಮೆತ್ತಿ ಮಫಲ್ ಫರ್ನೇಸಿಗೆ ಇಟ್ಟೆ. ನಿಮಿಷಕ್ಕೆ 10 ಡಿಗ್ರಿಯಂತೆ ಏರಿಸಿ 500ರಲ್ಲಿ ನಿಲ್ಲಿಸುವುದು. 300 ದಾಟುವಾಗ ಟಾರಿನ ಘಾಟು ಕಾರಿಡಾರಿನ ಕೊನೆಯವರೆಗೂ ಹೋಯಿತು. ಪಕ್ಕದ ಲ್ಯಾಬಿನವರು ಬಂದು ಬಾಗಿಲು ಎಳೆದುಕೊಂಡು ಹೋದರು. ಮಾತಾಡಲಿಲ್ಲ, ಅಷ್ಟು ದಾಕ್ಷಿಣ್ಯ ಅವರಿಗಿದೆ.

ತೂಕ ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ. ಹೋದದ್ದೆಲ್ಲ ನೀರು, ಗ್ಯಾಸು, ಟಾರು.

17 ಜನವರಿ, ಬುಧವಾರ

ಮೂರು ಉಷ್ಣತೆಯ ಮೂರು ಇದ್ದಿಲು ಸಾಲಾಗಿ ಇಟ್ಟುಕೊಂಡಿದ್ದೇನೆ: 350, 500, 700. ಕಣ್ಣಿಗೆ ಎಲ್ಲ ಒಂದೇ ಕಪ್ಪು. ಗುಣ ಮಾತ್ರ ಬೇರೆ ಬೇರೆ. 350ರದ್ದು ಇನ್ನೂ ಅರೆಬೆಂದದ್ದು. ಅದರ ಮೈಮೇಲೆ ಕಾರ್ಬಾಕ್ಸಿಲ್, ಹೈಡ್ರಾಕ್ಸಿಲ್ ಅನ್ನುವ ಆಮ್ಲಜನಕದ ಗುಂಪುಗಳು ಉಳಿದಿರುತ್ತವೆ, ಸೀಸ ಕ್ಯಾಡ್ಮಿಯಂಗಳು ಬಂದು ಕೂರುವುದು ಅವುಗಳ ಮೇಲೆ. 700ರದ್ದರಲ್ಲಿ ಆ ಗುಂಪುಗಳು ಬಹುಪಾಲು ಸುಟ್ಟುಹೋಗಿ ರಂಧ್ರಗಳು ಹೆಚ್ಚುತ್ತವೆ, ಬೂದಿಯೂ ಹೆಚ್ಚುತ್ತದೆ. ನೀರಿಗೆ ಹಾಕಿದರೆ ಪಿಎಚ್ ಸರ್ರನೆ ಏರುತ್ತದೆ. ಅಡಕೆ ಸಿಪ್ಪೆಯಲ್ಲಿ ಪೊಟ್ಯಾಸಿಯಂ ಧಾರಾಳ.

ಏನೂ ಸಂಸ್ಕಾರ ಮಾಡದ ಇದ್ದಿಲನ್ನು ಸೀಸದ ನೀರಿಗೆ ಹಾಕಿ ಶೇಕರಿನಲ್ಲಿ ಇಟ್ಟಿದ್ದೆ. ನೀರಿನಲ್ಲಿರುವ ಲೋಹ ಅಳೆಯುವ ಎಎಎಸ್ ಯಂತ್ರದ ರೀಡಿಂಗ್ ನೋಡಿ ಜೂನಿಯರ್ ಹುಡುಗಿ ಕುಣಿದಾಡಿಬಿಟ್ಟಳು: "ಅಕ್ಕಾ, ಹೆಚ್ಚುಕಮ್ಮಿ ಪೂರ್ತಿ ಹೋಗಿದೆ!" ಇನ್ನೊಂದು ಬಾಟಲಿಯನ್ನು ಅವಳಿಗೆ ಕೊಟ್ಟೆ. ಅದರಲ್ಲಿ ಇದ್ದಿಲೇ ಇಲ್ಲ. ಅದೇ ಸೀಸದ ನೀರು, ಒಂದೆರಡು ತೊಟ್ಟು ಕ್ಷಾರ ಹಾಕಿ ಪಿಎಚ್ ಅಷ್ಟಕ್ಕೇ ಏರಿಸಿದ್ದು. ಅದರಲ್ಲೂ ಸೀಸ ತಳಕ್ಕೆ ಬಿದ್ದಿತ್ತು. ಪಿಎಚ್ 6 ದಾಟಿದರೆ ಸೀಸ ಹೈಡ್ರಾಕ್ಸೈಡಾಗಿಯೋ ಕಾರ್ಬೊನೇಟಾಗಿಯೋ ತಾನಾಗಿಯೇ ಕೂರತೊಡಗುತ್ತದೆ. ಹಾಗಾದರೆ ಇದ್ದಿಲು ಮಾಡಿದ ಕೆಲಸ ಎಷ್ಟು, ಬೂದಿಯ ಕ್ಷಾರ ಮಾಡಿದ್ದೆಷ್ಟು? ನಾಳೆಯಿಂದ ಸೀಸದ ಪ್ರಯೋಗವೆಲ್ಲ ಪಿಎಚ್ 5ರಲ್ಲೇ, ಇದ್ದಿಲಿಲ್ಲದ ಬಾಟಲಿಯ ಜೊತೆಗೇ.

ತಾಮ್ರದ ವಿಷಯ: ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಸಿದ ಇದ್ದಿಲಿನಿಂದ ತಾಮ್ರ ಹೊರಗೆ ಬರಲಿಲ್ಲ ಅನ್ನುವಷ್ಟು ಕಡಿಮೆ. ಪಿಎಚ್ 2ರ ನೀರಿಗೆ ಮಾತ್ರ ಬಿಟ್ಟುಕೊಟ್ಟಿತು. ಕ್ರೋಮಿಯಂ ಪ್ರಯೋಗ ನಡೆಯುವುದೇ ಅಂಥ ಹುಳಿ ನೀರಿನಲ್ಲಿ.

25 ಜನವರಿ, ಗುರುವಾರ

ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದೆ. ತಾಮ್ರ ಹೋಯಿತು, ಬೂದಿ ಹೋಯಿತು. ಸೀಸ ಹಿಡಿಯುವ ಶಕ್ತಿಯೂ ಇಳಿಯಿತು. ಬೂದಿಯಲ್ಲಿದ್ದ ಫಾಸ್ಫೇಟು, ಕಾರ್ಬೊನೇಟುಗಳೇ ಸೀಸವನ್ನು ಗಟ್ಟಿ ಖನಿಜವಾಗಿ ಕೂರಿಸುತ್ತಿದ್ದವು. ಸಗಣಿಯ ಬಯೋಚಾರ್ ಸೀಸಕ್ಕೆ ಅಷ್ಟು ಚೆನ್ನಾಗಿ ಒಗ್ಗುವುದಕ್ಕೆ ಅದರ ಫಾಸ್ಫೇಟೇ ಕಾರಣ. ಆಮ್ಲದಲ್ಲಿ ತೊಳೆಯುವುದೂ ಸಂಸ್ಕಾರಗಳ ಪಟ್ಟಿಯಲ್ಲೇ ಇದೆ. ಸೀಸದ ಮಟ್ಟಿಗೆ ಅದು ಹಿನ್ನಡೆ.

2 ಫೆಬ್ರವರಿ, ಶುಕ್ರವಾರ

ನನ್ನ ಗೈಡ್ ಮೇಡಮ್ ಜೊತೆ ಕೂತು ಸಂಸ್ಕಾರಗಳ ಪಟ್ಟಿ ಮಾಡಿದೆವು. ನೈಟ್ರಿಕ್ ಆಮ್ಲ, ಹೈಡ್ರೋಜನ್ ಪೆರಾಕ್ಸೈಡ್, ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಫೆರಿಕ್ ಕ್ಲೋರೈಡ್, ಪರ್ಮಾಂಗನೇಟ್. ಪಾದರಸಕ್ಕೆ ಗಂಧಕ ಹಚ್ಚುವುದೂ ಇದೆ. 1963ರಲ್ಲಿ ಪಿಯರ್ಸನ್ ಹೇಳಿದ ಮೆದು ಮತ್ತು ಗಟ್ಟಿ ಆಮ್ಲ-ಪ್ರತ್ಯಾಮ್ಲಗಳ ಲೆಕ್ಕದಲ್ಲಿ ಪಾದರಸವೂ ಗಂಧಕವೂ ಮೆದು, ಒಂದಕ್ಕೊಂದು ಬಿಡದೆ ಅಂಟುತ್ತವೆ. ಮೇಡಮ್ ಗಂಧಕಕ್ಕೆ ಅಡ್ಡಗೆರೆ ಎಳೆದರು. "ಪಾದರಸ ನನ್ನ ಲ್ಯಾಬಿಗೆ ಬೇಡಮ್ಮ."

ನೈಟ್ರಿಕ್ ಬಗ್ಗೆ ನಾನೇ ತಕರಾರು ತೆಗೆದೆ. ಬಿಸಿ ನೈಟ್ರಿಕ್ ಇದ್ದಿಲಿನ ಮೈಯನ್ನು ಉತ್ಕರ್ಷಿಸಿ ಕಾರ್ಬಾಕ್ಸಿಲ್ ಗುಂಪುಗಳನ್ನು ಎಬ್ಬಿಸುತ್ತದೆ, ಅದು ಸೀಸಕ್ಕೂ ತಾಮ್ರಕ್ಕೂ ಬಹಳ ಒಳ್ಳೆಯದು. ಜೊತೆಗೆ ಕಂದು ಹೊಗೆಯೂ ಏಳುತ್ತದೆ. ನಮ್ಮ ಫ್ಯೂಮ್ ಹುಡ್ಡಿನ ಫ್ಯಾನು ತಿರುಗುತ್ತದೆ, ಹೊಗೆ ಮಾತ್ರ ಅಲ್ಲೇ ನಿಲ್ಲುತ್ತದೆ. ಪೆರಾಕ್ಸೈಡ್ ನಿಧಾನ, ಗುಂಪುಗಳೂ ಅಷ್ಟು ಹುಟ್ಟುವುದಿಲ್ಲ. ಕೆಲಸ ಮುಗಿದ ಮೇಲೆ ಉಳಿಯುವುದು ನೀರು, ಆಮ್ಲಜನಕ ಅಷ್ಟೇ. ಮೇಡಮ್ ಪೆರಾಕ್ಸೈಡಿಗೆ ಒಪ್ಪಿದರು.

14 ಫೆಬ್ರವರಿ, ಬುಧವಾರ. ಪೀಣ್ಯ

ಪ್ಲೇಟಿಂಗ್ ಶಾಪ್ ಒಂದಕ್ಕೆ ಹೋಗಿದ್ದೆ. ಮೇಡಮ್ಮಿನ ಹಳೆಯ ವಿದ್ಯಾರ್ಥಿಯ ಕಡೆಯಿಂದ ಸಿಕ್ಕಿದ ಪರಿಚಯ. ತಗಡಿನ ಮಾಡು, ಸಾಲಾಗಿ ತೊಟ್ಟಿಗಳು, ಮೂಗಿಗೆ ಆಮ್ಲದ ಚುರುಕು. ಕ್ರೋಮ್ ಬಾತ್ ಕಡು ಕೆಂಪುಕಂದು, ಲೀಟರಿಗೆ ಸುಮಾರು 250 ಗ್ರಾಂ ಕ್ರೋಮಿಕ್ ಆಮ್ಲ, ಅದರ ನೂರರಲ್ಲೊಂದು ಪಾಲು ಸಲ್ಫ್ಯೂರಿಕ್. ಜಿಗ್ಗಿನಲ್ಲಿ ನೇತುಹಾಕಿದ ನಲ್ಲಿ ಬಿಡಿಭಾಗಗಳು ಅದರಲ್ಲಿ ಮುಳುಗಿ ಹೊಳೆಯುತ್ತಾ ಮೇಲೆ ಬರುತ್ತವೆ. ಬರುವಾಗ ಬಾತಿನ ನೀರನ್ನೂ ಮೈಗಂಟಿಸಿಕೊಂಡು ಬರುತ್ತವೆ. ಅದೇ ಡ್ರ್ಯಾಗ್ ಔಟ್. ಮುಂದಿನ ರಿನ್ಸ್ ತೊಟ್ಟಿ ಹಳದಿಯಾಗುವುದು ಅದರಿಂದ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಇದೆ ಅಂತ ವರ್ಷಗಳಿಂದ ವರದಿಗಳು ಹೇಳುವುದರ ಹಿಂದೆ ಇಂಥ ಹಳದಿ ನೀರಿದೆ.

ಓನರ್ ಟೀ ತರಿಸಿದರು. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು ನೇರವಾಗಿ ಕೇಳಿದರು:

"ಮೇಡಂ, ನಾನು ಮೆಟಾಬೈಸಲ್ಫೈಟ್ ಹಾಕ್ತೀನಿ, ಹಳದಿ ಹೋಗಿ ಹಸಿರಾಗುತ್ತೆ. ಸುಣ್ಣ ಹಾಕ್ತೀನಿ, ಕೆಳಗೆ ಕೂರುತ್ತೆ. ಸ್ಲಡ್ಜ್ ದಾಬಸ್‌ಪೇಟೆಗೆ ಲಾರೀಲಿ ಹೋಗುತ್ತೆ. ನಿಮ್ ಇದ್ದಿಲು ಇದರಲ್ಲಿ ಎಲ್ಲಿ ಬರುತ್ತೆ?"

ಅವರು ಹೇಳಿದ ಕೆಮಿಸ್ಟ್ರಿ ಸರಿಯಾಗಿಯೇ ಇತ್ತು. ಪಿಎಚ್ 2-3ರಲ್ಲಿ ಹೆಕ್ಸಾ ಕ್ರೋಮ್, ಅಂದರೆ ಆರು ವೇಲೆನ್ಸಿಯ ಕ್ರೋಮಿಯಂ, ಮೂರು ವೇಲೆನ್ಸಿಯ ಟ್ರೈ ಆಗುತ್ತದೆ, 8-9ರಲ್ಲಿ ಹೈಡ್ರಾಕ್ಸೈಡಾಗಿ ಬೀಳುತ್ತದೆ. ಗಾಢವಾದ ನೀರಿಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ, ಇದ್ದಿಲು ಅದರ ಜೊತೆ ಸ್ಪರ್ಧೆಗೆ ಇಳಿಯುವುದಿಲ್ಲ ಅಂತಲೇ ಹೇಳಿದೆ. ಸುಣ್ಣದ ತೊಟ್ಟಿ ದಾಟಿದ ಮೇಲೂ ಉಳಿದುಬಿಡುವ ಚೂರುಪಾರು ಇದೆಯಲ್ಲ, ಅದಕ್ಕೆ. ಹೊರಗೆ ಬಿಡುವ ನೀರಿನ ಸಾಮಾನ್ಯ ಮಾನದಂಡ ಲೀಟರಿಗೆ 0.1 ಮಿಲಿಗ್ರಾಂ ಹೆಕ್ಸಾ. ಕುಡಿಯುವ ನೀರಿನ ಐಎಸ್ 10500ರಲ್ಲಿ ಒಟ್ಟು ಕ್ರೋಮಿಯಮ್ಮೇ 0.05 ದಾಟಬಾರದು. ಅಷ್ಟು ತೆಳುವಾದ ನೀರಿನಲ್ಲಿ ಕೊನೆಯ ಪಾಲನ್ನು ಹಿಡಿಯುವುದು ಕಷ್ಟದ ಕೆಲಸ.

"ಹಂಗಂದ್ರೆ ಸರಿ" ಅಂದರು. ಪ್ರಬಂಧದ ಪೀಠಿಕೆಗೆ ಇದಕ್ಕಿಂತ ಹೆಚ್ಚು ಒಪ್ಪಿಗೆ ನನಗೆ ಬೇಕಿಲ್ಲ.

ಜಿಗ್ ಎತ್ತುವ ಕೆಲಸದವರು, ವಯಸ್ಸಾದವರು, ಹೊರಡುವಾಗ ಹೇಳಿದರು: "ಬಾತ್ ಮೇಲೆ ಇನ್ನೊಂದು ಸ್ವಲ್ಪ ಹೊತ್ತು ತೂಗ್‌ಹಾಕಿದ್ರೆ ಅರ್ಧ ಅಲ್ಲೇ ಸೋರ್ಕೊಳ್ಳುತ್ತೆ ಕಣಮ್ಮ. ಯಾರಿಗೂ ಟೈಮಿಲ್ಲ." ಈ ಇಡೀ ಕ್ಷೇತ್ರದಲ್ಲಿ ಖರ್ಚಿಲ್ಲದ ಉಪಾಯ ಇದೊಂದೇ. ಅದು ಯಾವ ಜರ್ನಲ್ಲಿಗೂ ಹೋಗುವುದಿಲ್ಲ.

20 ಫೆಬ್ರವರಿ, ಮಂಗಳವಾರ

ಪೊಟ್ಯಾಸಿಯಂ ಡೈಕ್ರೋಮೇಟಿನಿಂದ ನಾವೇ ಮಾಡಿಕೊಂಡ ಕ್ರೋಮಿಯಂ ನೀರು, ಪಿಎಚ್ 2, ಬರೀ ಇದ್ದಿಲು. ಡೈಫಿನೈಲ್‌ಕಾರ್ಬಜೈಡ್ ಹಾಕಿ 540 ನ್ಯಾನೋಮೀಟರಿನಲ್ಲಿ ನೋಡುವ ಪರೀಕ್ಷೆ. ಹೆಕ್ಸಾ ಇದ್ದರೆ ನೇರಳೆಗೆಂಪು ಬಣ್ಣ ಬರಬೇಕು. ಮೊದಲ ಗಂಟೆಯ ಸ್ಯಾಂಪಲ್ಲಿಗೆ ಬಂತು. ಮಾರನೆಯ ದಿನದ್ದಕ್ಕೆ ಏನೂ ಇಲ್ಲ, ನೀರಿನಷ್ಟೇ ತಿಳಿ. ಎಷ್ಟೋ ಪೇಪರುಗಳು ಇಲ್ಲಿಗೆ ನಿಂತು "ಶೇಕಡಾ ಇಷ್ಟು ನಿವಾರಣೆ" ಅಂತ ಬರೆದು ಮುಗಿಸುತ್ತವೆ.

ಅದೇ ಸ್ಯಾಂಪಲ್ಲುಗಳನ್ನು ಎಎಎಸ್‌ಗೂ ಕೊಟ್ಟಿದ್ದೆ. ಅದು ಹೆಕ್ಸಾ-ಟ್ರೈ ಭೇದ ನೋಡುವುದಿಲ್ಲ, 357.9ರಲ್ಲಿ ಒಟ್ಟು ಕ್ರೋಮಿಯಂ ಎಷ್ಟಿದೆಯೋ ಅಷ್ಟನ್ನೂ ತೋರಿಸುತ್ತದೆ. ಸಂಜೆ ಪ್ರಿಂಟ್‌ಔಟ್ ಬಂತು. ಒಂದು ದೊಡ್ಡ ಪಾಲು ಕ್ರೋಮಿಯಂ ನೀರಿನಲ್ಲೇ ಇದೆ.

ಆದದ್ದು ಇಷ್ಟು. ಹುಳಿ ನೀರಿನಲ್ಲಿ ಇದ್ದಿಲಿನ ಮೈ ಧನ ಆವೇಶದ್ದು, ಹೆಕ್ಸಾ ಕ್ರೋಮ್ ಋಣ ಆವೇಶದ್ದು. ಸೆಳೆದುಕೊಂಡು ಬಂದು ಅಂಟುತ್ತದೆ. ಇದ್ದಿಲು ಅದಕ್ಕೆ ಎಲೆಕ್ಟ್ರಾನ್ ಕೊಟ್ಟು ಟ್ರೈ ಮಾಡುತ್ತದೆ. ಟ್ರೈ ಧನ ಆವೇಶದ್ದು. ಧನ ಮೈಗೆ ಇನ್ನು ಅದು ಬೇಡ, ತಿರುಗಿ ನೀರಿಗೇ ನೂಕುತ್ತದೆ. ಟ್ರೈ ಹೆಕ್ಸಾದಷ್ಟು ವಿಷವಲ್ಲ, ಅದು ನಿಜ. ನೀರಿನಿಂದ ಹೋಗಿದೆ ಅನ್ನುವಂತಿಲ್ಲ. ಪಿಎಚ್ ಏರಿಸಿದಾಗ ತಳಕ್ಕೆ ಬಿತ್ತು. ಅಂದರೆ ನಾವು ಕೂಡ ಸುಣ್ಣದ ಹಂತ ತಪ್ಪಿಸುವ ಹಾಗಿಲ್ಲ.

ಇನ್ನೊಂದು ಗಮನಿಸಿದ್ದು: ಪಿಎಚ್ ತಾನಾಗಿ ಏರುತ್ತಿತ್ತು. ಒಂದು ಹೆಕ್ಸಾ ಅಯಾನು ಟ್ರೈ ಆಗುವಾಗ ಏಳು ಹೈಡ್ರೋಜನ್ ಅಯಾನುಗಳನ್ನು ನುಂಗುತ್ತದೆ. ಆಮ್ಲ ಮತ್ತೆ ಮತ್ತೆ ಹಾಕಬೇಕು. ಖರ್ಚಿನ ಪುಟದಲ್ಲಿ ಬರೆದುಕೊಂಡೆ.

4 ಮಾರ್ಚ್, ಸೋಮವಾರ

ಊರಿಗೆ ಊರೇ ನೀರಿನ ಮಾತಾಡುತ್ತಿದೆ. ಪಿಜಿಯಲ್ಲಿ ಬೆಳಗ್ಗೆ ಒಂದು ಗಂಟೆ ಮಾತ್ರ ನಲ್ಲಿ. ಟ್ಯಾಂಕರ್ ರೇಟು ದಿನಕ್ಕೊಂದು. ಬೋರ್‌ವೆಲ್ ಬತ್ತಿದ ಅಪಾರ್ಟ್‌ಮೆಂಟಿನವರು ಪೇಪರ್ ಪ್ಲೇಟಿನಲ್ಲಿ ಉಣ್ಣುತ್ತಿದ್ದಾರಂತೆ.

ಇಂಥ ವಾರದಲ್ಲೇ ನನ್ನ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಸರದಿ ಬರಬೇಕೆ. ಒಂದು ಪಾಲು ಇದ್ದಿಲಿಗೆ ಎರಡು ಪಾಲು ಕ್ಷಾರ ಬೆರೆಸಿ, ನೈಟ್ರೋಜನ್ ಹಾಯಿಸುತ್ತಾ 700 ದಾಟಿ ಕಾಯಿಸಿದರೆ ಕ್ಷಾರ ಇಂಗಾಲವನ್ನು ಒಳಗೊಳಗೇ ಕೊರೆಯುತ್ತದೆ. ಗೆದ್ದಲು ಹತ್ತಿದ ತೊಲೆಯ ಹಾಗೆ, ಹೊರಗೆ ಆಕಾರ ಇದ್ದಂತೆಯೇ, ಒಳಗೆಲ್ಲ ಪೊಳ್ಳು. ಹೀಗೆ ಕೊರೆದ ಇದ್ದಿಲು ಗ್ರಾಮಿಗೆ ಸಾವಿರ ಚದರ ಮೀಟರಿಗೂ ಮೀರಿದ ಮೈ ಪಡೆಯುತ್ತದೆ. ಓದುವಾಗ ಮೈ ಜುಮ್ಮೆನ್ನುವ ಸಂಖ್ಯೆ. ಆಮೇಲೆ ಆ ಕ್ಷಾರವನ್ನು ತೊಳೆದು ತೆಗೆಯಬೇಕು, ತೊಳೆದ ನೀರಿನ ಪಿಎಚ್ 7ಕ್ಕೆ ಇಳಿಯುವವರೆಗೂ. ಕೈಯಲ್ಲಿ ಹಿಡಿಯುವಷ್ಟು ಇದ್ದಿಲಿಗೆ ಬಕೆಟ್ಟುಗಟ್ಟಲೆ ನೀರು. ಅದೂ ಡಿಸ್ಟಿಲ್ಡ್. ಡಿಸ್ಟಿಲೇಷನ್ ಯೂನಿಟ್ಟು ಒಂದು ಲೀಟರ್ ಕೊಡುವಷ್ಟರಲ್ಲಿ ತಣ್ಣಗಾಗಲು ಹಾಯಿಸಿದ ನೀರು ಅದರ ಎಷ್ಟೋ ಪಟ್ಟು ಮೋರಿಗೆ ಹೋಗಿರುತ್ತದೆ.

ಲ್ಯಾಬ್ ಅಟೆಂಡರ್ ಅಣ್ಣ ಆ ಮೋರಿಯ ಪೈಪಿಗೆ ಕ್ಯಾನ್ ಇಟ್ಟು ಹಿಡಿದು ಗಿಡಗಳಿಗೆ ಹಾಕುತ್ತಿದ್ದಾರೆ. "ನೀವು ನೀರು ಕ್ಲೀನ್ ಮಾಡೋ ಇದ್ದಿಲು ಮಾಡ್ತಿದ್ದೀರಲ್ವಾ ಮೇಡಂ?" ಅಂತ ಕೇಳಿದ್ದು ವ್ಯಂಗ್ಯವೋ ಕುತೂಹಲವೋ ಗೊತ್ತಾಗಲಿಲ್ಲ. ಥೀಸಿಸ್ಸಿನಲ್ಲಿ ಒಂದು ಕಾಲಂ ಹೆಚ್ಚಿಸುತ್ತೇನೆ: ಪ್ರತಿ ಸಂಸ್ಕಾರಕ್ಕೆ ತೊಳೆಯಲು ಹಿಡಿದ ನೀರು. ಮೇಲ್ಮೈ ವಿಸ್ತೀರ್ಣದ ಕಾಲಮ್ಮಿನ ಪಕ್ಕದಲ್ಲೇ.

ಮೇಲ್ಮೈ ಹೆಚ್ಚಿದ್ದರ ಲಾಭವೂ ಅಷ್ಟಕ್ಕಷ್ಟೇ. ಔಷಧ, ಬಣ್ಣ, ಸಾವಯವ ಕಲ್ಮಶ ಹಿಡಿಯಲು ರಂಧ್ರ ಬೇಕು. ಲೋಹದ ಅಯಾನಿಗೆ ಬೇಕಾದ್ದು ಅಂಟಿಕೊಳ್ಳಲು ತಕ್ಕ ರಾಸಾಯನಿಕ ಜಾಗ. ಸೀಸದಲ್ಲಿ ನನ್ನ ಪೆರಾಕ್ಸೈಡ್ ಇದ್ದಿಲು ಈ ಸಾವಿರದ ಸರದಾರನ ಸಮಕ್ಕೆ ನಿಂತಿದೆ.

8 ಮಾರ್ಚ್, ಶುಕ್ರವಾರ. ಶಿವರಾತ್ರಿ

ರೂಮ್‌ಮೇಟ್ ಉಪವಾಸ, ನಾನು ಅರ್ಧ ಉಪವಾಸ. ಅವಳು ಸುರಪುರ ತಾಲ್ಲೂಕಿನವಳು. ರಾತ್ರಿ ಮಾತಾಡುತ್ತಾ ಕಿರದಳ್ಳಿ ತಾಂಡಾದ ವಿಷಯ ಬಂತು. ಮಂಗಳೂರು ಚಿನ್ನದ ಗಣಿಯ ಪಟ್ಟಿ, ಅಂದರೆ ಕರಾವಳಿಯ ಮಂಗಳೂರಲ್ಲ, ಯಾದಗಿರಿ ಜಿಲ್ಲೆಯದು. ಅಲ್ಲಿನ ಬಂಡೆಯಲ್ಲಿ ಚಿನ್ನದ ಜೊತೆ ಆರ್ಸೆನಿಕ್ಕೂ ಇದೆ, ನೀರಿಗೂ ಇಳಿದಿದೆ. ಅಂಗೈ ಅಂಗಾಲು ದಪ್ಪಗಟ್ಟಿ ಒಡೆದ ಜನರನ್ನು ಅವಳು ಚಿಕ್ಕಂದಿನಲ್ಲಿ ನೋಡಿದ್ದಾಳೆ.

"ನಿನ್ನ ಇದ್ದಿಲು ಅಲ್ಲಿಗೆ ಬರ್ತದೇನ?" ಅಂದಳು.

ಬರೀ ಇದ್ದಿಲು ಬರುವುದಿಲ್ಲ. ಆರ್ಸೆನೇಟ್ ಋಣ ಆವೇಶದ್ದು. ಕುಡಿಯುವ ನೀರಿನ ಪಿಎಚ್‌ನಲ್ಲಿ ಇದ್ದಿಲಿನ ಮೈಯೂ ಸಾಮಾನ್ಯವಾಗಿ ಅದೇ. ಒಂದನ್ನೊಂದು ದೂರ ತಳ್ಳುತ್ತವೆ. ಬೋರ್‌ವೆಲ್ಲಿನ ಆಳದಲ್ಲಿ ಹೆಚ್ಚಾಗಿ ಸಿಗುವ ಆರ್ಸೆನೈಟಿಗಂತೂ ಆವೇಶವೇ ಇಲ್ಲ, ಹಿಡಿಯಲು ಜುಟ್ಟೇ ಇಲ್ಲದ ಆಸಾಮಿ. ಕಬ್ಬಿಣ ಬೇಕು. ಫೆರಿಕ್ ಕ್ಲೋರೈಡಿನಲ್ಲಿ ನೆನೆಸಿ ಮತ್ತೆ ಸುಟ್ಟ ಇದ್ದಿಲಿನ ಮೈಮೇಲೆ ಕಬ್ಬಿಣದ ಆಕ್ಸೈಡ್ ಕೂತಿರುತ್ತದೆ, ಆರ್ಸೆನಿಕ್ ಕಚ್ಚಿಕೊಳ್ಳುವುದು ಅದನ್ನು. ಬಾಂಗ್ಲಾದೇಶದ ಮನೆಗಳಲ್ಲಿ ಬಳಸುವ ಸೋನೋ ಫಿಲ್ಟರ್ ನಿಂತಿರುವುದೂ ಕಬ್ಬಿಣದ ಮೇಲೆಯೇ. ಅದನ್ನು ರೂಪಿಸಿದ ಅಬುಲ್ ಹುಸಾಮ್‌ಗೆ 2007ರಲ್ಲಿ ಗ್ರೇಂಜರ್ ಬಹುಮಾನ ಬಂತು. ಬಕೆಟ್ಟು, ಮರಳು, ಇದ್ದಿಲು, ಕಬ್ಬಿಣದ ಪದರ. ಅದರಲ್ಲೂ ಆರ್ಸೆನಿಕ್ಕಿನ ಮಟ್ಟಿಗೆ ದುಡಿಯುವುದು ಕಬ್ಬಿಣ.

"ಮತ್ತ ಕಬ್ಬಿಣಾನೇ ಹಾಕಿದ್ರ ಆಗ್ತದಲ್ಲ, ಇದ್ದಿಲು ಯಾಕ?"

ಒಳ್ಳೆಯ ಪ್ರಶ್ನೆ. ಕಬ್ಬಿಣದ ಪುಡಿ ಒಂದಕ್ಕೊಂದು ಅಂಟಿ ಗಟ್ಟಿಯಾಗಿ ನೀರಿಳಿಯುವುದು ನಿಲ್ಲುತ್ತದೆ. ಇದ್ದಿಲು ಅದನ್ನು ಬಿಡಿಬಿಡಿಯಾಗಿ ಹರಡಿ ಹಿಡಿದಿರುತ್ತದೆ. ಉತ್ತರ ಕೊಟ್ಟೆ. ಅವಳು ಒಪ್ಪಿದಳೋ ನಿದ್ದೆ ಬಂತೋ.

16 ಮಾರ್ಚ್, ಶನಿವಾರ

ಮ್ಯಾಂಗನೀಸ್ ಇದ್ದಿಲು ಸೀಸಕ್ಕೆ ಅದ್ಭುತ. ಪರ್ಮಾಂಗನೇಟಿನಲ್ಲಿ ನೆನೆಸಿದಾಗ ಆ ಕಡುನೇರಳೆ ನೀರು ತಾನಾಗಿ ತಿಳಿಯಾಗುತ್ತಾ ಬರುತ್ತದೆ. ಇದ್ದಿಲು ಅದನ್ನು ಮ್ಯಾಂಗನೀಸ್ ಡೈಆಕ್ಸೈಡ್ ಆಗಿ ತನ್ನ ಮೇಲೆಯೇ ಇಳಿಸಿಕೊಳ್ಳುತ್ತದೆ. ಈವರೆಗಿನ ಎಲ್ಲ ಇದ್ದಿಲುಗಳಲ್ಲಿ ಸೀಸವನ್ನು ಅತಿ ಹೆಚ್ಚು ಹಿಡಿದದ್ದು ಇದೇ. ಆರ್ಸೆನೈಟನ್ನು ಆರ್ಸೆನೇಟ್ ಮಾಡುವುದೂ ಇದೇ ಮ್ಯಾಂಗನೀಸ್. ಜುಟ್ಟಿಲ್ಲದವನಿಗೆ ಜುಟ್ಟು ಬರಿಸುತ್ತದೆ, ಆಮೇಲೆ ಕಬ್ಬಿಣ ಹಿಡಿಯಬಹುದು.

ಮೇಡಮ್‌ಗೆ ಉತ್ಸಾಹ. "ಒಂದೇ ಇದ್ದಿಲು, ಎಲ್ಲ ಲೋಹಕ್ಕೆ. ಟೈಟಲ್ ಚೆನ್ನಾಗಿರುತ್ತೆ." ಪೀಣ್ಯದ ನೀರಿಗೂ ಇದನ್ನೇ ಹಾಕಿ ನೋಡು ಅಂದರು.

ಬೇಡ ಅಂದೆ. ಅವರ ಮಾತಿಗೆ ಬೇಡ ಅನ್ನುವುದು ಸಲೀಸಲ್ಲ, ಅದಕ್ಕೇ ಬಾರ್ಟ್ಲೆಟ್ ಮತ್ತು ಜೇಮ್ಸ್ 1979ರಲ್ಲಿ ಬರೆದದ್ದನ್ನು ಪ್ರಿಂಟ್ ಹಾಕಿಸಿ ಒಯ್ದಿದ್ದೆ. ಮಣ್ಣಿನಲ್ಲಿರುವ ಮ್ಯಾಂಗನೀಸ್ ಆಕ್ಸೈಡ್ ಟ್ರೈ ಕ್ರೋಮನ್ನು ತಿರುಗಿ ಹೆಕ್ಸಾ ಮಾಡುತ್ತದೆ ಅಂತ ತೋರಿಸಿದವರು ಅವರು. ಇದ್ದಿಲು ಕಷ್ಟಪಟ್ಟು ಎಲೆಕ್ಟ್ರಾನ್ ಕೊಟ್ಟು ಪಳಗಿಸಿದ ವಿಷವನ್ನು ಅದರ ಮೈಮೇಲೇ ಕೂತ ಮ್ಯಾಂಗನೀಸ್ ಮತ್ತೆ ವಿಷ ಮಾಡುತ್ತದೆ. ಸೀಸಕ್ಕೆ ಮದ್ದು, ಆರ್ಸೆನಿಕ್ಕಿಗೆ ಮದ್ದು, ಕ್ರೋಮಿಯಂ ಇರುವ ನೀರಿಗೆ ಅಪಾಯ. ಮೇಡಮ್ ಓದಿದರು. ಕನ್ನಡಕ ತೆಗೆದು ಒರೆಸಿದರು. "ಸರಿ, ಒಂದೇ ಒಂದು ಬಾಟಲಿ ಇಟ್ಟು ನೋಡು, ಬರೀ ಟ್ರೈ ಕ್ರೋಮ್ ಮತ್ತು ಇದು."

ಇಟ್ಟೆ. ಡೈಫಿನೈಲ್‌ಕಾರ್ಬಜೈಡ್ ತೊಟ್ಟಿಕ್ಕಿದಾಗ ತಿಳಿ ನೀರಿಗೆ ಬಣ್ಣ ಬಂತು. ತೆಳುವಾಗಿಯೇ, ಕಣ್ಣಿಗೆ ಕಾಣುವಷ್ಟು. ಅದನ್ನು ಫೋಟೋ ತೆಗೆದು ಅವರಿಗೆ ಕಳಿಸಿದೆ. "ಟೈಟಲ್ ಬದಲಿಸು" ಅಂತ ಉತ್ತರ ಬಂತು.

27 ಮಾರ್ಚ್, ಬುಧವಾರ

ಪೀಣ್ಯದಿಂದ ತಂದ ನಿಜವಾದ ರಿನ್ಸ್ ನೀರು, ಸುಣ್ಣದ ತೊಟ್ಟಿ ದಾಟಿದ್ದು. ಕಬ್ಬಿಣದ ಇದ್ದಿಲು. ಲ್ಯಾಬಿನಲ್ಲಿ ಮಾಡಿಕೊಂಡ ನೀರಿನಲ್ಲಿ ತೋರಿಸಿದ ಕೆಲಸದ ಅರ್ಧವೂ ಇಲ್ಲಿ ತೋರಿಸಲಿಲ್ಲ. ಆಶ್ಚರ್ಯವೇನಿಲ್ಲ. ನಿಜದ ನೀರಿನಲ್ಲಿ ಸಲ್ಫೇಟ್ ಇದೆ, ಕ್ಲೋರೈಡ್ ಇದೆ, ನಿಕ್ಕೆಲ್ ತೊಟ್ಟಿಯಿಂದ ಬಂದ ನಿಕ್ಕೆಲ್ ಇದೆ, ಬಾತಿನ ಹೊಗೆ ಏಳದಿರಲಿ ಅಂತ ಹಾಕುವ ಸೋಪಿನಂಥದ್ದೂ ಇದೆ. ಎಲ್ಲಕ್ಕೂ ಕೂರಲು ಅದೇ ಜಾಗ ಬೇಕು.

ರಾತ್ರಿ ಕೂತು ಗ್ರಾಫ್ ಹಾಕಿದೆ. ಲ್ಯಾಂಗ್ಮೂರ್ 1918ರದ್ದು, ಫ್ರಾಯಿಂಡ್ಲಿಷ್ ಅದಕ್ಕೂ ಹಿಂದಿನದು. ನಾವೆಲ್ಲ ಇನ್ನೂ ಅವೆರಡರಲ್ಲಿ ಯಾವುದಕ್ಕೆ ಗೆರೆ ಚೆನ್ನಾಗಿ ಹೊಂದುತ್ತದೆ ಅಂತ ನೋಡಿಕೊಂಡು "ಗರಿಷ್ಠ ಸಾಮರ್ಥ್ಯ" ಬರೆಯುತ್ತೇವೆ. ಆ ಗರಿಷ್ಠ ಬರುವುದು ಲೀಟರಿಗೆ ನೂರಾರು ಮಿಲಿಗ್ರಾಂ ಲೋಹ ಸುರಿದಾಗ. ಕುಡಿಯುವ ನೀರಿನಲ್ಲಿ ಸೀಸದ ಮಿತಿ 0.01 ಮಿಲಿಗ್ರಾಂ, ಕ್ಯಾಡ್ಮಿಯಮ್ಮಿನದು 0.003. ತುಂಬಿದ ಊಟದಲ್ಲಿ ಎಷ್ಟು ತಿನ್ನುತ್ತಾನೆ ಅಂತ ಅಳೆದವನಿಗೆ ತಟ್ಟೆಯ ಕೊನೆಯ ಅಗುಳು ಹೆಕ್ಕುತ್ತಾನೋ ಇಲ್ಲವೋ ಗೊತ್ತಾಗುವುದಿಲ್ಲ. ನನ್ನ ಕೋಷ್ಟಕದಲ್ಲಿ ಗರಿಷ್ಠವನ್ನು ಕೆಳಗಿನ ಸಾಲಿಗೆ ತಳ್ಳಿ, ತೆಳು ನೀರಿನ ಫಲಿತಾಂಶವನ್ನು ಮೇಲೆ ತಂದೆ. ರಿವ್ಯೂ ಮಾಡುವವರು ಇದನ್ನು ಮತ್ತೆ ತಲೆಕೆಳಗು ಮಾಡಿಸುತ್ತಾರೆ, ನೋಡೋಣ.

9 ಏಪ್ರಿಲ್, ಮಂಗಳವಾರ. ಯುಗಾದಿ

ಊರಿಗೆ ಹೋಗಲಾಗಲಿಲ್ಲ. ಫೋನಿನಲ್ಲೇ ಹಬ್ಬ. ಅಮ್ಮ ಪಂಚಾಂಗ ಓದಿಸಿದ್ದು ಹೇಳಿದರು, ಈ ಸಲ ಮಳೆ ಚೆನ್ನಾಗಿದೆಯಂತೆ. ಅಪ್ಪಯ್ಯ ಫೋನು ತಗೊಂಡು ನೇರ ವಿಷಯಕ್ಕೆ ಬಂದರು.

"ನಿನ್ನ ಕೆಲಸ ಮುಗಿದ ಮೇಲೆ ಆ ಇದ್ದಿಲು ತಂದುಕೊಡು, ತೋಟಕ್ಕೆ ಹಾಕಿದರೆ ಒಳ್ಳೇದಂತೆ. ಇಲ್ಲಿ ಯಾರೋ ಡ್ರಮ್ಮಿನಲ್ಲಿ ಸುಟ್ಟು ಹಾಕ್ತಿದ್ದಾರೆ."

"ನಾನು ಬಳಸಿದ್ದು ಬೇಡ ಅಪ್ಪಯ್ಯ. ಅದರಲ್ಲಿ ಸೀಸ, ಕ್ರೋಮಿಯಂ ಕೂತಿದೆ."

"ಇದ್ದಿಲು ಹಿಡಿದುಕೊಂಡಿದೆ ಅಂದಿದ್ದೆಯಲ್ಲ?"

ಹಿಡಿದುಕೊಂಡಿದೆ. ಎಷ್ಟು ದಿನ, ಎಷ್ಟು ಗಟ್ಟಿಯಾಗಿ ಅನ್ನುವುದಕ್ಕೆ ಒಂದು ಪರೀಕ್ಷೆ ಇದೆ. ಅಸಿಟಿಕ್ ಆಮ್ಲದ ನೀರಿನಲ್ಲಿ 18 ಗಂಟೆ ಉರುಳಿಸಿ, ಹೊರಗೆ ಬಂದದ್ದನ್ನು ಅಳೆಯುವುದು. ಸೀಸವಾಗಲಿ ಕ್ರೋಮಿಯಮ್ಮಾಗಲಿ ಲೀಟರಿಗೆ 5 ಮಿಲಿಗ್ರಾಂ ದಾಟಿದರೆ ಅದು ಅಪಾಯಕಾರಿ ತ್ಯಾಜ್ಯ. ಹೋದ ವಾರ ಹಾಕಿದ್ದೇನೆ. ಸೀಸದ ಮ್ಯಾಂಗನೀಸ್ ಇದ್ದಿಲು ಪಾಸು. ಪೆರಾಕ್ಸೈಡಿನದು ಫೇಲು, ಅದು ಸುಲಭವಾಗಿ ಹಿಡಿಯುವ ಹಾಗೆಯೇ ಸುಲಭವಾಗಿ ಬಿಡುತ್ತದೆ. ಆಮ್ಲದಲ್ಲೋ ಇಡಿಟಿಎಯಲ್ಲೋ ತೊಳೆದು ಇದ್ದಿಲನ್ನು ಮತ್ತೆ ಬಳಸಲು ಅದೇ ಅನುಕೂಲ, ಭೂಮಿಗೆ ಹಾಕಲು ಅದೇ ಅನಾನುಕೂಲ. ತೊಳೆದ ನೀರಿನಲ್ಲಿ ಲೋಹ ಮೊದಲಿಗಿಂತ ಗಾಢವಾಗಿ ಕೂತಿರುತ್ತದೆ, ಅದನ್ನು ಮತ್ತೆ ಸುಣ್ಣದ ತೊಟ್ಟಿಗೇ ಒಯ್ಯಬೇಕು.

ಬಳಸದ ಇದ್ದಿಲಿನ ಮಾತು ಬೇರೆ. ಹೊಸ ಯೋಚನೆ ಬಂತು. ಬೋರ್ಡೋದ ತಾಮ್ರ ತೋಟದ ಮೇಲ್ಮಣ್ಣಿನಲ್ಲಿ ಉಳಿಯುತ್ತದೆ, ಎಲ್ಲಿಗೂ ಹೋಗುವುದಿಲ್ಲ. ದ್ರಾಕ್ಷಿ ತೋಟಗಳ ಮಣ್ಣಿನಲ್ಲಿ ಅದು ಸೇರಿದ್ದನ್ನು ನೋಡಿಯೇ ಯುರೋಪಿನವರು ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ಅಂತ ಮಿತಿ ಹಾಕಿದ್ದಾರೆ. ನಮ್ಮ ಅಡಕೆ ತೋಟದ ಮಣ್ಣನ್ನು ಅಳೆದು ನೋಡಬೇಕು. ಇದ್ದಿಲು ಮಣ್ಣಿನ ತಾಮ್ರವನ್ನು ತೆಗೆದುಹಾಕುವುದಿಲ್ಲ, ಬೇರಿಗೆ ಸಿಗದ ಹಾಗೆ ಕಟ್ಟಿಹಾಕುತ್ತದೆ ಅಷ್ಟೇ. ಅಲ್ಲಿ 350ರ ಇದ್ದಿಲು ಸಾಕು, ಯಾವ ರಾಸಾಯನಿಕವೂ ಬೇಡ.

"ಮಣ್ಣು ಕಳಿಸಿ ಅಪ್ಪಯ್ಯ, ಹಳೇ ತೋಟದ್ದು ಒಂದು, ಬಯಲು ತೋಟದ್ದು ಒಂದು."

"ಮೊದಲು ಸಿಪ್ಪೆ, ಈಗ ಮಣ್ಣು. ಮುಂದಿನ ಸಲ ಎಂತ ಕೇಳ್ತೀಯ ನೋಡುವ."

15 ಏಪ್ರಿಲ್, ಸೋಮವಾರ

ಮೇಡಮ್, ಪೀಣ್ಯದ ಓನರ್, ನಾನು. ಓನರ್ ತಾವಾಗಿಯೇ ಡಿಪಾರ್ಟ್‌ಮೆಂಟಿಗೆ ಬಂದಿದ್ದರು, ಅದೇ ದೊಡ್ಡ ವಿಷಯ. ಯೋಜನೆ ಹೀಗೆ: ಅವರ ಮೆಟಾಬೈಸಲ್ಫೈಟ್, ಸುಣ್ಣ ಇದ್ದಂತೆಯೇ ಇರಲಿ. ಅದರ ನಂತರ ಕಬ್ಬಿಣದ ಇದ್ದಿಲಿನ ಒಂದು ಕಾಲಂ. ಪಿಎಚ್ ಮತ್ತೆ 2ಕ್ಕೆ ಇಳಿಸುವ ಗೋಜಿಲ್ಲದೆ, 5-6ರಲ್ಲಿ ಹಾಯಿಸಿ ನೋಡುವುದು. ಕಬ್ಬಿಣ ಇರುವುದರಿಂದ ಅಲ್ಲಿ ಹೆಕ್ಸಾ ಟ್ರೈ ಆಗುವುದೂ ಕಬ್ಬಿಣದ ಹೈಡ್ರಾಕ್ಸೈಡ್ ಜೊತೆ ಕೂರುವುದೂ ಒಂದೇ ಕಡೆ ಆದೀತು. ಫೆರಿಕ್ ಕ್ಲೋರೈಡ್ ಇದ್ದಿಲಿಗೆ ತೊಳೆಯುವ ನೀರೂ ಕ್ಷಾರದ್ದಕ್ಕಿಂತ ಬಹಳ ಕಡಿಮೆ ಹಿಡಿದಿದೆ.

ಓನರ್ ಎಲ್ಲ ಕೇಳಿ ತಮ್ಮ ಲೆಕ್ಕಕ್ಕೆ ಬಂದರು. "ಇದ್ದಿಲು ತುಂಬಿದ ಮೇಲೆ ಅದನ್ನ ಯಾರು ತಗೊಂಡು ಹೋಗ್ತಾರೆ? ಸ್ಲಡ್ಜ್ ಜೊತೆ ಅದೇ ಲಾರಿಗೆ ಹಾಕಿದ್ರೆ ತೂಕ ಜಾಸ್ತಿ ಆಗುತ್ತೆ, ತೂಕಕ್ಕೆ ದುಡ್ಡು."

ಒಂದು ಕಿಲೋ ಇದ್ದಿಲು ಎಷ್ಟು ಲೀಟರ್ ಹಾಯುವವರೆಗೆ 0.1 ದಾಟದಂತೆ ಹಿಡಿಯುತ್ತದೆ ಅನ್ನುವುದು ಗೊತ್ತಾಗದೆ ಇದಕ್ಕೆ ಉತ್ತರ ಹೇಳಲಾಗುವುದಿಲ್ಲ ಅಂದೆ. "ಅದನ್ನೇ ಮೊದ್ಲು ಹೇಳಿ ಮೇಡಂ, ಮಿಕ್ಕಿದ್ದು ಆಮೇಲೆ" ಅಂದರು. ಮೇಡಮ್ ನನ್ನ ಕಡೆ ನೋಡಿದರು.

ಸಂಜೆ ಕಾಲಂ ತುಂಬಿದೆ. ಕೆಳಗೆ ಗಾಜಿನ ಹತ್ತಿ, ಮೇಲೆ ಇದ್ದಿಲು, ಅದರ ಮೇಲೆ ಮತ್ತೆ ಹತ್ತಿ. ನೀರು ಕೆಳಗಿನಿಂದ ಮೇಲಕ್ಕೆ, ಗಾಳಿ ಸಿಕ್ಕಿಹಾಕಿಕೊಳ್ಳದಂತೆ. ಪಂಪ್ ಈಗಾಗಲೇ ಓಡುತ್ತಿದೆ. ಎಎಎಸ್ ಸ್ಲಾಟ್ ಸಿಕ್ಕಿರುವುದು ನಾಳೆ ಬೆಳಗ್ಗೆ ಏಳಕ್ಕೆ. ಹಿಂದಿನವರು ಸೀಸದ ಲ್ಯಾಂಪ್ ಬಿಟ್ಟುಹೋಗಿದ್ದಾರೆ, ಕ್ರೋಮಿಯಮ್ಮಿನದು ಹಾಕಿ ಅರ್ಧ ಗಂಟೆ ಮೊದಲೇ ಬಿಸಿಗೆ ಇಡಲು ಅಣ್ಣನಿಗೆ ಹೇಳಿ ಬಂದಿದ್ದೇನೆ.